ಹುಳುಮನೆಯಲ್ಲಿ ತೂಗುತ್ತಿದ್ದ ಸೀಸೆ

ಸೀರೆಯನ್ನು ಕಣಕಾಲಿಗಿಂತ ಒಂದು ಗೇಣು ಮೇಲಕ್ಕೆತ್ತಿ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್‌ವಾಸ್ ಶೂ ಹಾಕಿ, ಸೆರಗಿನ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಸಕ್ಕರೆ ಗಂಟು ಕಟ್ಟಿಕೊಂಡು ನಡೆಯುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ನಾನು ವರ್ಷಗಟ್ಟಲೆ ನೋಡಿದ್ದೇನೆ. ಎಡಗಾಲಿನ ಶೂಗೆ ಕಿರುಬೆರಳಿನ ಬಳಿ ಬ್ಲೇಡಿನಿಂದ ಕೊರೆದ ಪುಟ್ಟ ಕಿಟಕಿ ಇತ್ತು. ಅಲ್ಲೊಂದು ಹಳೆಯ ಆಣಿ. ಉಜ್ಜಿದರೆ ಹುಣ್ಣಾಗುತ್ತದೆ, ಹುಣ್ಣಾದರೆ ಕಾಲು ಹೋಗುತ್ತದೆ, ಕಾಲು ಹೋದರೆ ಓರಗಿತ್ತಿಗೆ ಖುಷಿಯಾಗುತ್ತದೆ ಎಂದು ಅವರೇ ಕೂತು ಕೊರೆದದ್ದು.

ಕೈಲಾಂಚ ಹೋಬಳಿಯ ನಮ್ಮೂರಿನಲ್ಲಿ, ನಮ್ಮ ಮನೆಯೆದುರಿನ ಹಿಪ್ಪುನೇರಳೆ ತೋಟದ ಆಚೆ ಬದಿಗೆ ಅವರ ಮನೆ. ನನಗೆ ಅವರು ರಕ್ತಸಂಬಂಧಿಯಲ್ಲ. ಊರಿಗೆಲ್ಲ ದೊಡ್ಡಮ್ಮ, ಹಾಗಾಗಿ ನನಗೂ ದೊಡ್ಡಮ್ಮ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು ಮೂರು ಸುತ್ತು ನಡೆಯುತ್ತಿದ್ದರು. ಊರಲ್ಲಿ ನಡೆಯಲು ಬೇಕಾದಷ್ಟು ದಾರಿಗಳಿದ್ದವು. ಆದರೆ ಮೂರು ಸುತ್ತೂ ಓರಗಿತ್ತಿಯ ಮನೆ ಮುಂದಿನಿಂದಲೇ ಹೋಗಬೇಕು. ಮೂರನೇ ಸಲ ಆ ಜಗಲಿಯ ಎದುರು ನಿಂತು, ಶೂ ದಾರ ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ನಡೆದರೆ ಮೈಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ನಡೆಯುತ್ತಿದ್ದದ್ದು ಮಾತ್ರ ಸೇಡಿಗೆ.

ಆ ಸೇಡಿನ ಮೂಲ ಒಂದು ಸೀಸೆ. ಗಂಡ ತೀರಿಕೊಂಡ ಮೇಲೂ ದೊಡ್ಡಮ್ಮ ಮೈದುನನ ಮನೆಯವರ ಜೊತೆ ಸೇರಿಯೇ ರೇಷ್ಮೆ ಹುಳು ಸಾಕುತ್ತಿದ್ದರು. ಅವರ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾದಾಗ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇದ್ದಿದ್ದರೂ ಕರೆಂಟು ಇರುತ್ತಿರಲಿಲ್ಲ. ಮನೆಯಲ್ಲೆಲ್ಲ ತಂಪು ಜಾಗವೆಂದರೆ ಹುಳುಮನೆ. ಹುಳುವಿಗೆ ಸೆಕೆ ಆಗದಿರಲೆಂದು ಕಿಟಕಿಗೆ ಗೋಣಿಚೀಲ ಕಟ್ಟಿ ಹಗಲೆಲ್ಲ ನೀರು ಚಿಮುಕಿಸುತ್ತಾರಲ್ಲ. ದೊಡ್ಡಮ್ಮ ಇನ್ಸುಲಿನ್ ಸೀಸೆಯನ್ನು ಪುಟ್ಟ ಕುಡಿಕೆಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಆ ಹುಳುಮನೆಯ ತೊಲೆಗೆ ತೂಗುಬಿಟ್ಟಿದ್ದರು. ಆ ಸಲ ಬೆಳೆ ಹೋಯಿತು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಗಬಗಬ ಸೊಪ್ಪು ತಿನ್ನಬೇಕಾದ ಹುಳುಗಳು ಮೆತ್ತಗಾಗಿ, ಸಪ್ಪೆ ರೋಗ ಹಿಡಿದು, ತಟ್ಟೆಗಟ್ಟಲೆ ಸತ್ತವು. ಮಳೆಯಲ್ಲಿ ನೆಂದ ಸೊಪ್ಪನ್ನು ಒರೆಸದೆ ಹಾಕಿದವಳು ಓರಗಿತ್ತಿಯೇ. ಆದರೆ ಅವಳ ಕಣ್ಣಿಗೆ ಬಿದ್ದದ್ದು ಸೀಸೆ. ನಮ್ಮ ಕಡೆ ಹುಳುಮನೆಯ ಹತ್ತಿರ ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿದವನನ್ನು ಒಳಗೆ ಬಿಡುವುದಿಲ್ಲ, ಪಕ್ಕದ ಹೊಲಕ್ಕೆ ಔಷಧಿ ಹೊಡೆದರೆ ಜಗಳಕ್ಕೆ ಹೋಗುತ್ತೇವೆ. ಅಂಥ ಜನಕ್ಕೆ ಔಷಧಿ ಅಂದರೆ ಔಷಧಿಯೇ. ಮನುಷ್ಯರದು ಯಾವುದು, ಬೆಳೆಗೆ ಹೊಡೆಯುವುದು ಯಾವುದು ಎಂದು ಕೇಳುವ ವ್ಯವಧಾನವಿಲ್ಲ.

"ಸಕ್ರೆ ಕಾಯ್ಲೆಯೋಳ ಔಸ್ದಿ ಗಾಳಿ ತಾಗೇ ಹುಳ ಸತ್ತೋಗಿದ್ದು" ಎಂದು ಓರಗಿತ್ತಿ ಬೀದಿಯಲ್ಲಿ ನಿಂತು ಕೂಗಿ, ಸೀಸೆಯನ್ನು ಕಿತ್ತು ತಿಪ್ಪೆಗೆಸೆದಳು. ದೊಡ್ಡಮ್ಮನನ್ನು ಹುಳುಮನೆಯ ಹೊಸಿಲು ತುಳಿಯದಂತೆ ಹೊರಗೆ ಹಾಕಿದರು. ಮೂರನೇ ದಿನ ಅವರು ಔಷಧಿಯಿಲ್ಲದೆ ತೋಟದಲ್ಲಿ ಬಿದ್ದಿದ್ದರು. ರಾಮನಗರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿ ಎದ್ದು ಬಂದವರು ಮೊದಲು ಮಾಡಿದ ಕೆಲಸವೆಂದರೆ ಶೂ ಕೊಂಡದ್ದು. ಎರಡನೆಯದು, ತಮ್ಮ ಪಾಲಿನ ಜಾಗದಲ್ಲಿ ಬೇರೆ ಹುಳುಮನೆ ಕಟ್ಟಿಸಿ, ದೇವರ ಪಟ ತೂಗುಹಾಕುವ ಮೊಳೆಗೆ ಹೊಸ ಸೀಸೆಯ ಕುಡಿಕೆ ತೂಗುಹಾಕಿದ್ದು. ಆ ಹುಳುಮನೆಯ ಮೊದಲ ಬೆಳೆ ಗೂಡುಗಳನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವ ದಿನ ಆಟೋವನ್ನು ಓರಗಿತ್ತಿಯ ಮನೆ ಮುಂದೆಯೇ ತರಿಸಿ ನಿಲ್ಲಿಸಿದರು. "ಒಸಿ ಇಂಜಿನ್ ಆಫ್ ಮಾಡಪ್ಪ, ಬಿಸ್ಲು ತಣೀಲಿ" ಎಂದರಂತೆ. ಆಗ ಬೆಳಗಿನ ಏಳು ಗಂಟೆ.

ನನ್ನ ಕಥೆ ಶುರುವಾಗುವುದು ಇದಾದ ಎಷ್ಟೋ ವರ್ಷದ ಮೇಲೆ, ನಮ್ಮೂರಿಗೆ ಬಿಡದಿಯ ಕಂಪನಿ ಬಸ್ಸು ಬರತೊಡಗಿದಾಗ. ಹೋಬಳಿಯ ಅರ್ಧ ಗಂಡಸರು ಹೊಲದಿಂದ ಎದ್ದು ಹೋಗಿ ಆ ಬಸ್ಸಿನ ಸೀಟಿನಲ್ಲಿ ಕೂತಿದ್ದರು. ನಾನೂ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದೆ. ಸೇರಿದ ಐದನೇ ತಿಂಗಳಿಗೆ ನನಗೂ ಸಕ್ಕರೆ ಕಾಯಿಲೆ ಬಂತು, ಅದೂ ನೇರ ಸೂಜಿಗೇ. ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡುವ ಮನುಷ್ಯ ನಾನು. ಬಸ್ಸಿನ ಟಿಕೆಟ್ಟನ್ನು ಇಳಿದ ಮೇಲೂ ಒಂದು ವಾರ ಜೇಬಿನಲ್ಲಿಟ್ಟುಕೊಳ್ಳುವವನು. ನನ್ನಂಥವನಿಗೆ ಕಾಯಿಲೆ ಬಂದರೆ ಕಾಯಿಲೆಗೇ ಸುಸ್ತು. ಇನ್ನೂ ಕಾಯಂ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಕಾಯಂ ಮಾಡಲಾರರು ಎಂದು ಹೆದರಿ ಯಾರಿಗೂ ಹೇಳದೆ ಬಚ್ಚಿಟ್ಟೆ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಶುರುವಾಗುವ ಮೊದಲು ಎಲ್ಲರೂ ಸಾಲಾಗಿ ನಿಂತು, ಸ್ಪೀಕರಿನಲ್ಲಿ ಬರುವ ಟುಂಯ್ ಟುಂಯ್ ಸಂಗೀತಕ್ಕೆ ಹತ್ತು ನಿಮಿಷ ಕವಾಯತು ಮಾಡಬೇಕು. ಕೈ ಮೇಲೆ, ಕೈ ಕೆಳಗೆ, ಸೊಂಟ ತಿರುಗಿಸು, ಕುಪ್ಪಳಿಸು. ಬದುಕಿಡೀ ಗುದ್ದಲಿ ಹಿಡಿದ ನಮ್ಮ ಜನ ನಾಚಿಕೊಂಡು ಕುಪ್ಪಳಿಸುತ್ತಿದ್ದರು. ಒಂದು ಬೆಳಗ್ಗೆ ನಾನು ಬಸ್ಸಿಗೆ ಮುಂಚೆ ತೊಡೆಗೆ ಸೂಜಿ ಚುಚ್ಚಿಕೊಂಡೆ. ತಿಂದರೆ ಸಕ್ಕರೆ ಏರೀತು ಎಂಬ ಭಯಕ್ಕೆ ಏನೂ ತಿನ್ನಲಿಲ್ಲ. ಕುಪ್ಪಳಿಸುವ ಹೊತ್ತಿಗೆ ಮೈ ಬೆವರಿ, ನಾಲಿಗೆ ದಪ್ಪವಾಗಿ, ಲೋಕವೆಲ್ಲ ನೀರೊಳಗೆ ಕಂಡಂತೆ ಕಂಡಿತು. ಮುಂದಿನದು ನನಗೆ ನೆನಪಿಲ್ಲ. ಬೇರೆಯವರು ಮರೆಯಲು ಬಿಟ್ಟಿಲ್ಲ. ನಾನು ತೂರಾಡುತ್ತಾ ಹೋಗಿ ನಮ್ಮ ಲೈನಿನ ಸೂಪರ್‌ವೈಸರ್‌ನ ಕುತ್ತಿಗೆಗೆ ನೇತಾಡುವ ಗುರುತಿನ ಚೀಟಿಯ ದಾರ ಹಿಡಿದೆಳೆದು, "ಈ ಹಸ ಯಾರ್ದು, ಕಟ್ಟಾಕ್ರೋ" ಎಂದೆನಂತೆ.

"ಬೆಳಬೆಳಗ್ಗೆ ಕುಡಿದು ಬಂದಿದ್ದಾನೆ, ಎಳ್ಕೊಂಡು ಹೋಗಿ ಗೇಟಾಚೆ ಹಾಕ್ರಿ" ಎಂದನಂತೆ ಆತ.

ಗೇಟಿನ ಕಾವಲುಗಾರ ಪುಣ್ಯಾತ್ಮ ಸಕ್ಕರೆ ಸುರಿದು ಚಹಾ ಕುಡಿಸಿದ. ಹತ್ತು ನಿಮಿಷಕ್ಕೆ ನೆಟ್ಟಗಾದೆ. ಆದರೆ ಆ ಹೊತ್ತಿಗೆ ನನ್ನ ಹೆಸರಿಗೆ ಮೆಮೊ ಟೈಪಾಗಿತ್ತು: ಮದ್ಯ ಸೇವಿಸಿ ಕೆಲಸಕ್ಕೆ ಬಂದದ್ದು. ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು. ಇನ್ನೊಂದು ಸಲ ಬಿದ್ದರೆ ಮನೆಗೆ. ಕುಡಿದಿರಲಿಲ್ಲ ಎಂದರೆ ಕಾಯಿಲೆ ಹೇಳಬೇಕು, ಕಾಯಿಲೆ ಹೇಳಿದರೆ ಕೆಲಸ ಹೋದೀತು. ಒಂದು ತೊಟ್ಟು ಕುಡಿಯದ ನಾನು ಕುಡುಕನೆಂದು ಸಹಿ ಹಾಕಿ ಬಂದೆ. ಮಾರನೇ ದಿನದಿಂದ ಸೂಪರ್‌ವೈಸರ್ ನನಗೆ 'ಕ್ವಾರ್ಟರ್' ಎಂದು ಹೆಸರಿಟ್ಟ. "ದಾರಿ ಬಿಡ್ರಪ್ಪ, ಕ್ವಾರ್ಟರ್ ಬಂದ. ಹಸು ಕಟ್ಟಿದ್ಯಾ ಇಲ್ವಾ?" ಲೈನಿನವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅವನ ಮೇಲಿನ ಸಿಟ್ಟಂತೂ ಹಾಗೇ ಇದೆ, ಒಂದು ಚೂರೂ ಹಳತಾಗಿಲ್ಲ.

ಸುದ್ದಿ ಊರಿಗೆ ನನಗಿಂತ ಮೊದಲು ಬಸ್ಸಿಳಿದಿತ್ತು. ಸಂಜೆ ದೊಡ್ಡಮ್ಮ ನಮ್ಮ ಜಗಲಿಗೆ ಬಂದು ಕೂತರು. ನನ್ನ ಮುಖ ನೋಡಿದರು, ಬಾಯಿ ಮೂಸಲಿಲ್ಲ. ನೇರವಾಗಿ ಕೇಳಿದರು: "ಎಷ್ಟು ದಿನದಿಂದ ಚುಚ್ಕತಾ ಇದೀಯ?"

ಒಳಗೆ ಬಚ್ಚಿಟ್ಟಿದ್ದ ಸೀಸೆ ತಂದು ಅವರ ಮುಂದಿಟ್ಟೆ.

"ಹೊಟ್ಟೆಗೇನಾದ್ರೂ ಬಿದ್ದಿತ್ತಾ?"

"ತಿಂದ್ರೆ ಏರ್ತದಲ್ಲ ದೊಡ್ಡಮ್ಮ."

"ಅಯ್ಯೋ ಮುಟ್ಠಾಳ! ಹುಳಕ್ಕೆ ಸೊಪ್ಪು ಹಾಕ್ದೆಯ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬುಟ್ಟು, ಕಟ್ಟು ಅಂದ್ರೆ ಕಟ್ಟದಾ? ಸೂಜಿ ಒಳಗೆ ಕುಂತ್ಕಂಡು ಸಕ್ರೆ ತಿಂತಾ ಐತೆ, ಮೇಲಿಂದ ನೀನು ಕುಪ್ಪಳಿಸ್ತೀಯ, ಅದೂ ತಿಂತೈತೆ. ಇಬ್ರು ಉಣ್ಣೋಕೆ ಕುಂತವ್ರೆ, ತಟ್ಟೇಲಿ ಏನೂ ಇಲ್ಲ. ಬೀಳ್ದೆ ಇನ್ನೇನಾದೀಯ?"

ನಾನು ನೋಡಿದ ಯಾವ ಡಾಕ್ಟರೂ ಇದನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿರಲಿಲ್ಲ. ಮಾರನೇ ದಿನದಿಂದ ದೊಡ್ಡಮ್ಮನ ಹುಳುಮನೆಯೇ ನನ್ನ ಪಾಠಶಾಲೆ. ಅವರಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಗೋಡೆಗೆ ನೇತುಹಾಕಿದ ಥರ್ಮಾಮೀಟರು ನೋಡದೆ ಹುಳುವಿಗೆ ಸೊಪ್ಪು ಹಾಕುತ್ತಿರಲಿಲ್ಲ, ಹಾಗೆಯೇ ಬೆರಳು ಚುಚ್ಚಿ ರಕ್ತದ ಮೀಟರು ನೋಡದೆ ಶೂ ಹಾಕುತ್ತಿರಲಿಲ್ಲ. ನೂರಕ್ಕಿಂತ ಕೆಳಗಿದ್ದರೆ ಮೊದಲು ಅರ್ಧ ರೊಟ್ಟಿ ತಿಂದು ಆಮೇಲೆ ನಡಿಗೆ. ತುಂಬ ಏರಿದ್ದು, ಮೈಯೂ ನೆಟ್ಟಗಿಲ್ಲದೆ ಹೊಟ್ಟೆ ತೊಳೆಸುತ್ತಿದ್ದರೆ ಅವತ್ತು ನಡಿಗೆಯೇ ಇಲ್ಲ, ಆಸ್ಪತ್ರೆ. "ಹುಳ ಜ್ವರಕ್ಕೆ ಕುಂತಾಗ ಮುಟ್ತೀವಾ? ಇದೂ ಹಂಗೇ. ಸುಮ್ಕೆ ಇರ್ಬೇಕು" ಎನ್ನುತ್ತಿದ್ದರು. ಕುಪ್ಪಳಿಸಲು ಹೋಗುವ ದಿನ ತೊಡೆಗೆ ಚುಚ್ಚಬೇಡ, ಹೊಟ್ಟೆಗೆ ಚುಚ್ಚು. ಓಡುವ ಕಾಲಿನಲ್ಲಿ ಔಷಧಿಯೂ ಓಡುತ್ತದೆ. ದಿನಕ್ಕಿಂತ ಹೆಚ್ಚು ಮೈ ದಣಿದಿದ್ದರೆ ಸಂಜೆಗೂ ಇನ್ನೊಮ್ಮೆ ನೋಡು, ಸಕ್ಕರೆ ತಡವಾಗಿಯೂ ಇಳಿಯುತ್ತದೆ. ಬೆಲ್ಲ ಕಟ್ಟಿಕೊಂಡರೆ ಆಗದೇ ಎಂದು ಕೇಳಿದ್ದಕ್ಕೆ, "ನೀನು ಬಿದ್ದು ಹಲ್ಲು ಕಚ್ಕಂಡಿದ್ದಾಗ ಬೆಲ್ಲದಚ್ಚು ತುರುಕಾಕೆ ಸುತ್ತಿಗೆ ತರಾನಾ? ಸಕ್ರೆ ಕಟ್ಕೊ" ಎಂದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಮಾತು ಕೇಳಲಿಲ್ಲ. ಬಚ್ಚಿಡಬೇಡ ಎಂದು ದಿನಾ ಬೈಯುತ್ತಿದ್ದರು.

"ನನ್ ಸೀಸೆ ನೋಡು, ದೇವ್ರ ಪಟದ ಮೊಳೆಗೆ ನೇತಾಡ್ತೈತೆ. ಬಂದೋರೆಲ್ಲ ನೋಡ್ಲಿ. ನೀನು ಕುಡ್ಕ ಅಂತ ಸೈನು ಹಾಕ್ದೋನು, ಸಕ್ರೆ ಕಾಯ್ಲೆ ಅನ್ನಾಕೆ ನಾಚ್ಕತೀಯ. ಥೂ."

"ಕೆಲ್ಸ ಹೋದ್ರೆ ದೊಡ್ಡಮ್ಮ?"

"ಕೆಲ್ಸ ಹೋದ್ರೆ ಹುಳ ಸಾಕು. ಆ ಟೋಪಿಯೋನು ನಿನ್ನ ದಿನಾ ಕ್ವಾಟ್ರು ಅಂತಾನಲ್ಲ, ಅದುಕ್ಕೆ ನೀನು ವಾಪಸ್ ಕೊಡ್ದೆ ಸತ್ತೋದ್ರೆ ನಾನಂತೂ ನಿನ್ ಮಣ್ಣಿಗೆ ಬರಾಕಿಲ್ಲ."

ಸಿಟ್ಟಿನ ವಿಷಯದಲ್ಲಿ ಅವರು ಹೀಗೇ. ಕ್ಷಮಿಸು ಎಂದು ಅವರ ಬಾಯಲ್ಲಿ ನಾನು ಒಂದು ದಿನವೂ ಕೇಳಲಿಲ್ಲ.

ಮೂರು ತಿಂಗಳಿಗೆ ಒಂದು ವಾರ ಉಳಿದಿತ್ತು. ಅಂದು ಕಂಪನಿ ಬಸ್ಸು ಕೆಟ್ಟು ನಮ್ಮೂರಿಗೆ ಬರಲಿಲ್ಲ. ನಾನು ಸೈಕಲ್ ತುಳಿದು ಮುಖ್ಯ ರಸ್ತೆಗೆ ಹೋಗಿ ಬೇರೆ ಬಸ್ಸು ಹಿಡಿದೆ. ರೊಟ್ಟಿ ತಿಂದಿದ್ದೆ, ಮೀಟರು ನೋಡಿದ್ದೆ, ಎಲ್ಲ ಸರಿಯಿತ್ತು. ಸೈಕಲ್ ತುಳಿದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕವಾಯತಿನಲ್ಲಿ ಸೊಂಟ ತಿರುಗಿಸುವ ಹೊತ್ತಿಗೆ ಅದೇ ಬೆವರು, ಅದೇ ದಪ್ಪ ನಾಲಿಗೆ. ಜೇಬಿನಲ್ಲಿ ಸಕ್ಕರೆ ಪೊಟ್ಟಣವಿದೆ. ತೆಗೆದರೆ ಗುಟ್ಟು ರಟ್ಟು. ತೆಗೆಯದಿದ್ದರೆ ಎರಡು ನಿಮಿಷದಲ್ಲಿ ನೆಲಕ್ಕೆ, ನೆಲದಿಂದ ಮನೆಗೆ. ಮಾಮೂಲಿಯಾಗಿ ಇಂಥ ಪ್ರಶ್ನೆಯನ್ನು ನಾನು ವಾರಗಟ್ಟಲೆ ಯೋಚಿಸುತ್ತೇನೆ. ಅವತ್ತು ಕಣ್ಣೆದುರು ಬಂದದ್ದು ಮೊಳೆಗೆ ನೇತಾಡುವ ಕುಡಿಕೆ. ಸಾಲಿನಿಂದ ಹೊರಗೆ ಬಂದು ತಪಾಸಣೆಯ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಪೊಟ್ಟಣ ಬಿಚ್ಚಿ ಬಾಯಿಗೆ ಸುರಿದುಕೊಂಡೆ.

"ಏನಪ್ಪಾ ಕ್ವಾರ್ಟರ್, ಈಗ ಪುಡಿಗೆ ಇಳಿದ್ಯಾ?" ಸೂಪರ್‌ವೈಸರ್ ಟೋಪಿ ಸರಿಮಾಡಿಕೊಂಡು ಬಂದ. ಸಂಗೀತ ಟುಂಯ್ ಎನ್ನುತ್ತಲೇ ಇತ್ತು. ಕುಪ್ಪಳಿಸುವುದನ್ನು ನಿಲ್ಲಿಸಿದ ಸಾಲು ನಮ್ಮತ್ತ ತಿರುಗಿತು.

"ಸಕ್ಕರೆ ಸಾರ್. ನನಗೆ ಸಕ್ಕರೆ ಕಾಯಿಲೆ. ಅವತ್ತೂ ಇದೇ ಆಗಿದ್ದು. ನಾನು ಕುಡಿದಿರಲಿಲ್ಲ." ನಾಲಿಗೆ ತೊದಲುತ್ತಿತ್ತು, ಆದರೂ ಮೀಟರು ತೆಗೆದು ಬೆರಳು ಚುಚ್ಚಿ ಅವನ ಮುಖದ ಮುಂದೆ ಹಿಡಿದೆ. ಐವತ್ತಾರು. "ಒಂದು ಕಾಲು ಗಂಟೆ ಇಲ್ಲೇ ನಿಂತ್ಕೊಳ್ಳಿ ಸಾರ್. ಹೋಗ್ಬೇಡಿ."

ಯಾಕೋ ಅವನು ನಿಂತ. ಇಡೀ ಲೈನು ನಿಂತಿತು. ಕಾಲು ಗಂಟೆಯಾದ ಮೇಲೆ ಮತ್ತೆ ಚುಚ್ಚಿದೆ. ನೂರ ನಾಲ್ಕು. ಎದ್ದು ಕೈ ಒರೆಸಿಕೊಂಡು ಕೇಳಿದೆ: "ಯಾವ ಬ್ರಾಂಡಿನ ಎಣ್ಣೆ ಸಾರ್, ಕಾಲು ಗಂಟೇಲಿ ಸಕ್ಕರೆ ತಿಂದ್ರೆ ಇಳಿಯೋದು?"

ಆ ಮಾತನ್ನು ನಾನು ಮೂರು ತಿಂಗಳಿಂದ ಬಚ್ಚಲಲ್ಲಿ ಅಭ್ಯಾಸ ಮಾಡಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕಾರ್ಖಾನೆಯ ಡಾಕ್ಟರು ನೋಡಿದರು, ಬರೆದರು. ಮೆಮೊ ವಾಪಸಾಯಿತು, ಕೆಲಸ ಕಾಯಂ ಆಯಿತು. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಹೆದರದೇ ಇದ್ದವುಗಳೇ ನನ್ನ ಬದುಕಿನಲ್ಲಿ ಯಾವಾಗಲೂ ಆಗಿರುವುದು. ಸೂಪರ್‌ವೈಸರ್ ಮಾತ್ರ ತಪ್ಪಾಯಿತು ಎನ್ನಲಿಲ್ಲ. ಸಂಜೆ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಅವರು ಸೊಪ್ಪು ಕತ್ತರಿಸುತ್ತಲೇ, "ಇಷ್ಟೇಯಾ?" ಎಂದರು.

ಇಷ್ಟೇ ಅಲ್ಲ ಎಂದು ಅವರಿಗೆ ತೋರಿಸಲು ನಾನು ಮುಂದಿನ ತಿಂಗಳು ಕವಾಯತು ನಡೆಸುವ ಮುಂದಾಳಿನ ಕೆಲಸ ಕೇಳಿ ಪಡೆದೆ. ಯಾರಿಗೂ ಬೇಡವಾದ ಕೆಲಸ, ತಕ್ಷಣ ಕೊಟ್ಟರು. ಎಲ್ಲರೆದುರು ನಿಂತು ನಾನು ಎಣಿಸಬೇಕು. ಸೂಪರ್‌ವೈಸರ್‌ಗಳೂ ಸೇರಿ ಎಲ್ಲರೂ ನನ್ನ ಎಣಿಕೆಗೆ ಬಗ್ಗಬೇಕು. ಎಂಟಕ್ಕೆ ನಿಲ್ಲಿಸಬೇಕಾದ್ದನ್ನು ನಾನು ಅವನ ಹೊಟ್ಟೆ ನೋಡಿಕೊಂಡು ಹದಿನಾರಕ್ಕೆ ನಿಲ್ಲಿಸುತ್ತಿದ್ದೆ. ಅವನಿಗೆ ಮಂಡಿ ನೋವು ಎಂದು ತಿಳಿದ ಮೇಲೆ ಕುಪ್ಪಳಿಸುವುದನ್ನು ಎರಡು ಸಲ ಮಾಡಿಸತೊಡಗಿದೆ. ಅವನಿಗೆ ವರ್ಗವಾಗುವ ತನಕ ನಾಲ್ಕು ವರ್ಷ ಎಣಿಸಿದೆ. ನನ್ನ ಸಕ್ಕರೆ ಅಷ್ಟು ಚೆನ್ನಾಗಿ ಹತೋಟಿಯಲ್ಲಿ ಇದ್ದದ್ದು ಆ ನಾಲ್ಕು ವರ್ಷ ಮಾತ್ರ.

ದೊಡ್ಡಮ್ಮನ ಸೇಡು ನನ್ನದಕ್ಕಿಂತ ಬಹಳ ಮೇಲು. ಆ ವರ್ಷಗಳಲ್ಲೇ ಓರಗಿತ್ತಿಗೂ ಸಕ್ಕರೆ ಕಾಯಿಲೆ ಬಂತು, ಅವಳಿಗೂ ಸೀಸೆ ಬಂತು. ಅವಳ ಮನೆಯ ಫ್ರಿಜ್ಜು ಕರೆಂಟಿಲ್ಲದೆ ಬಟ್ಟೆ ಇಡುವ ಬೀರು ಆಗಿತ್ತು. ತನ್ನ ಹುಳುಮನೆಯಲ್ಲಿ ಇಡೋಣವೆಂದರೆ, ಔಷಧಿ ಗಾಳಿ ತಾಗಿ ಹುಳು ಸಾಯುತ್ತದೆಂದು ಊರಿಗೆಲ್ಲ ಸಾರಿದವಳು ಅವಳೇ. ಕೊನೆಗೆ ಒಂದು ಬೆಳಗ್ಗೆ ಸೀಸೆಯನ್ನು ಕೈಯಲ್ಲಿ ಹಿಡಿದು ದೊಡ್ಡಮ್ಮನ ಹೊಸಿಲ ಮುಂದೆ ಬಂದು ನಿಂತಳು. ನಾನು ಅಲ್ಲೇ ಇದ್ದೆ. ಇರದಿದ್ದರೆ ಬದುಕಿಡೀ ಕೊರಗುತ್ತಿದ್ದೆ.

ದೊಡ್ಡಮ್ಮ ಸೀಸೆ ಇಸಿದುಕೊಂಡರು. ತಮ್ಮ ಕುಡಿಕೆಯ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ತೂಗುಹಾಕಿದರು. "ದಿನಾ ಬೆಳಗ್ಗೆ ಬಂದು, ಕಾಲು ತೊಳ್ಕಂಡು, ಹೊರಗೇ ನಿಂತು ಕೇಳು, ಕೊಡ್ತೀನಿ. ಒಳೀಕ್ ಬರಂಗಿಲ್ಲ, ಕಾಯ್ಲೆಯೋಳು ನೀನು" ಎಂದರು. ಆಮೇಲೆ ತಮ್ಮ ಹಳೆಯ ಶೂ ತಂದು ಅವಳ ಮುಂದೆ ಎಸೆದರು. "ಹಾಕ್ಕ. ಮೂರು ಸುತ್ತು."

ಅಂದಿನಿಂದ ಓರಗಿತ್ತಿ ಪ್ರತಿದಿನ ಹೊಸಿಲಾಚೆ ನಿಂತು, "ಅಕ್ಕ, ನನ್ ಸೀಸೆ ಕೊಡು" ಎನ್ನಬೇಕು. ದೊಡ್ಡಮ್ಮನಿಗೆ ಮೊದಲ ಸಲ ಕಿವಿ ಕೇಳಿಸುತ್ತಿರಲಿಲ್ಲ. ಎರಡನೇ ಸಲ ಕೂಗಿದರೆ, "ಹೊಟ್ಟೆಗೇನಾದ್ರೂ ಮಾಡ್ಕಂಡಿದೀಯಾ?" ಎಂದು ಕೇಳಿ, ಹೌದೆಂದರೆ ಮಾತ್ರ ಕೊಡುತ್ತಿದ್ದರು. ಆಮೇಲೆ ಇಬ್ಬರೂ ಮುಂದೊಬ್ಬರು ಹಿಂದೊಬ್ಬರು ಮೂರು ಸುತ್ತು ಹೋಗುತ್ತಿದ್ದರು. ಮೂರನೇ ಸುತ್ತಿನಲ್ಲಿ ಓರಗಿತ್ತಿಯ ಜಗಲಿಯ ಎದುರು ದೊಡ್ಡಮ್ಮ ಎಂದಿನಂತೆ ನಿಂತು ಶೂ ದಾರ ಕಟ್ಟುತ್ತಿದ್ದರು. ತನ್ನ ಮನೆ ಮುಂದೆ ತಾನೇ ಕಾಯುತ್ತ ನಿಲ್ಲಬೇಕು ಆ ಹೆಂಗಸು.

"ಯಾಕೆ ದೊಡ್ಡಮ್ಮ ಅವಳನ್ನ ಉಳಿಸ್ತೀರ?" ಎಂದು ಕೇಳಿದ್ದೆ.

"ಅವ್ಳು ಬ್ಯಾಗ ಸತ್ತೋದ್ರೆ ನಾನು ಯಾರ್ ಹೊಟ್ಟೆ ಉರ್ಸ್ಲಿ? ಸಾಯಾಕ್ ಬುಡ್ತೀನಾ ಅವ್ಳ!"

ಕೊನೆಗೆ ಮೊದಲು ಹೋದವರು ದೊಡ್ಡಮ್ಮನೇ. ಸಕ್ಕರೆಯಿಂದಲ್ಲ, ಕಾಲಿನಿಂದಲೂ ಅಲ್ಲ. ಹತ್ತೂ ಬೆರಳು ನೆಟ್ಟಗಿದ್ದವು. ಒಂದು ಮಧ್ಯಾಹ್ನ ಸೊಪ್ಪು ಹಾಕಿ ಬಂದು ಜಗಲಿಗೆ ಒರಗಿದವರು ಏಳಲಿಲ್ಲ. ಎದೆ ನಿಂತಿತ್ತು. ಅವರು ಕಾಯಿಲೆಗೆ ಸೋಲಲಿಲ್ಲ ಎಂಬುದೊಂದೇ ನನಗೆ ಆ ದಿನದ ಸಮಾಧಾನ.

ಮಣ್ಣು ಮಾಡಿದ ಮಾರನೇ ಬೆಳಗ್ಗೆ ನಾನು ಅವರ ಹುಳುಮನೆಗೆ ಹೋದೆ. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಸಾವು ಅಂತ ಸೊಪ್ಪು ನಿಲ್ಲಿಸುವಂತಿಲ್ಲ. ತಟ್ಟೆಗಳಿಗೆ ಸೊಪ್ಪು ಹರವುತ್ತಿದ್ದಾಗ ಹೊರಗೆ ಕಾಲು ತೊಳೆಯುವ ಸದ್ದಾಯಿತು. ಓರಗಿತ್ತಿ. ದೊಡ್ಡಮ್ಮನ ಹಳೆಯ ಶೂ ಬಿಚ್ಚಿಟ್ಟು ಹೊಸಿಲಾಚೆ ನಿಂತಿದ್ದಳು. ಒಳಗೆ ಬರದಂತೆ ತಡೆಯುವವರು ಈಗ ಯಾರೂ ಇರಲಿಲ್ಲ; ಆದರೂ ಬರಲಿಲ್ಲ. ಮೊಳೆಗಳಲ್ಲಿ ಎರಡು ಕುಡಿಕೆ ತೂಗುತ್ತಿದ್ದವು.

ಖಾಲಿ ಬಾಗಿಲನ್ನು ನೋಡಿ, "ಅಕ್ಕ, ನನ್ ಸೀಸೆ ಕೊಡು" ಎಂದಳು. ನನ್ನನ್ನು ನೋಡಿ ಹೇಳಿದ್ದಲ್ಲ.

ನಾನು ಸೊಪ್ಪು ಹರವುತ್ತಲೇ ಇದ್ದೆ. ತಿಪ್ಪೆಗೆಸೆದ ಆ ಮೊದಲ ಸೀಸೆ ನನಗೆ ನೆನಪಿತ್ತು, ನಾನು ಅದನ್ನು ಕಣ್ಣಿನಿಂದ ನೋಡದೇ ಹೋಗಿದ್ದರೂ.

"ಸೀಸೆ ಕೊಡೋ ಲೇ" ಎಂದು ಎರಡನೇ ಸಲ ಕೂಗಿದಳು, ಈ ಸಲ ನನಗೇ.

"ಹೊಟ್ಟೆಗೇನಾದ್ರೂ ಮಾಡ್ಕಂಡಿದೀಯಾ?"

"ಸಾವಿನ್ ಮನೇಲಿ ಒಲೆ ಹಚ್ತಾರೇನ್ಲಾ?"

"ಹಂಗಾದ್ರೆ ಸೀಸೆ ಇಲ್ಲ."

ನನ್ನ ಬುತ್ತಿಯಲ್ಲಿದ್ದ ರಾಗಿ ರೊಟ್ಟಿಯನ್ನು ಹೊಸಿಲ ಮೇಲಿಟ್ಟೆ. ಅವಳು ನನ್ನನ್ನು ಬೈದಳು, ನನ್ನ ಅಪ್ಪನನ್ನು ಬೈದಳು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅಳುತ್ತಳುತ್ತಲೇ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

"ಸತ್ರೂ ಬುಡ್ಲಿಲ್ವಲ್ಲ ನನ್ನ, ಈ ಮುಂಡೆ" ಎಂದಳು.

ಕೊನೆಯ ತುತ್ತು ನುಂಗುವ ತನಕ ನಿಂತು ನೋಡಿದೆ. ಆಮೇಲೆ ಮೊಳೆಯಿಂದ ಸೀಸೆ ಇಳಿಸಿ ಕೊಟ್ಟೆ, ಶೂ ಹತ್ತಿರಕ್ಕೆ ತಳ್ಳಿದೆ. "ಮೂರು ಸುತ್ತು" ಎಂದೆ.